ರಾತ್ರಿ ಪಾಳಿಯ ಕಾನೂನು

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ–2017ರ 97ನೇ ಸೆಕ್ಷನ್ ಓದಿ ಮುಗಿಸಲು ಐದು ನಿಮಿಷ ಸಾಕು. ರೋಗಿಯನ್ನು ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಕೈಕಾಲು ಕಟ್ಟಲೇಬೇಕಾಗಿ ಬಂದರೆ ಅದು ಅವನಿಗೋ ಇನ್ನೊಬ್ಬರಿಗೋ ಆ ಕ್ಷಣದಲ್ಲೇ ಅಪಾಯ ಇದ್ದು, ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಅದಕ್ಕೂ ಚಿಕಿತ್ಸೆಯ ಹೊಣೆ ಹೊತ್ತ ಮನೋವೈದ್ಯರ ಒಪ್ಪಿಗೆ ಬೇಕು. ಹೇಗೆ ಕಟ್ಟಿದರು, ಯಾಕೆ, ಎಷ್ಟು ಹೊತ್ತು ಎಂಬುದನ್ನು ಕೂಡಲೇ ಕೇಸ್ ಶೀಟಿನಲ್ಲಿ ಬರೆಯಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ತಿಂಗಳಿಗೊಮ್ಮೆ ಎಲ್ಲ ಪ್ರಕರಣಗಳ ವರದಿ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ಹೋಗಬೇಕು. ಶಿಕ್ಷೆ ಎಂದು ಕಟ್ಟುವಂತಿಲ್ಲ, ಹೆದರಿಸಲು ಕಟ್ಟುವಂತಿಲ್ಲ. ಸಿಬ್ಬಂದಿ ಸಾಲದು ಎಂಬ ಕಾರಣಕ್ಕಂತೂ ಕಟ್ಟುವಂತೆಯೇ ಇಲ್ಲ.

ಈ ಕೊನೆಯ ಮಾತನ್ನು ಬರೆದವರು ಒಂದೋ ರಾತ್ರಿ ಪಾಳಿಯನ್ನು ಚೆನ್ನಾಗಿ ಕಂಡವರು, ಇಲ್ಲವೇ ಒಮ್ಮೆಯೂ ಕಾಣದವರು.

ಯಾಕೆಂದರೆ ರಾತ್ರಿ ಎರಡು ಗಂಟೆಗೆ ಮನೋರೋಗ ವಾರ್ಡಿನಲ್ಲಿ ಇರುವವರು ಒಬ್ಬಿಬ್ಬರು ಸಿಸ್ಟರ್‌ಗಳು, ಬಾಗಿಲಲ್ಲಿ ಒಬ್ಬ ವಾಚ್‌ಮನ್. ಡ್ಯೂಟಿ ಡಾಕ್ಟರು ಇನ್ನೊಂದು ಕಟ್ಟಡದಲ್ಲಿ, ಮನೋವೈದ್ಯರು ಫೋನಿನಲ್ಲಿ. ಕುಡಿತ ನಿಲ್ಲಿಸಿ ಮೂರನೆಯ ದಿನಕ್ಕೆ ಬಿದ್ದವನೊಬ್ಬ ಮೈಮೇಲೆ ಹುಳ ಹರಿಯುತ್ತಿದೆ ಎಂದು ಎದ್ದು ಕಿಟಕಿಯ ಕಡೆ ಓಡುತ್ತಾನೆ. ಪಕ್ಕದ ಮಂಚದವನು ಎಚ್ಚರಾಗಿ ಕಿರುಚುತ್ತಾನೆ. ಮೂರನೆಯವನಿಗೆ ಡ್ರಿಪ್ ಹೋಗುತ್ತಿದೆ. ಕಾಯ್ದೆಯ ಭಾಷೆಯಲ್ಲಿ ಹೇಳುವುದಾದರೆ ಇದು ‘ತಕ್ಷಣದ ಅಪಾಯ’. ಕಟ್ಟಬೇಕೋ ಬೇಡವೋ ಎಂದು ನಿರ್ಧರಿಸುವ ಅಧಿಕಾರ ಮನೋವೈದ್ಯರದ್ದು. ಕಟ್ಟುವ ಕೈ ಮಾತ್ರ ನರ್ಸಿನದು. ನಾಳೆ ಮನೆಯವರು ಬಂದು ಮಣಿಕಟ್ಟಿನ ಕೆಂಪು ಗುರುತು ನೋಡಿ ಕೇಳುವುದೂ ಅವಳನ್ನೇ.

ನಾನು ವಾಮಂಜೂರಿನವನು. ಮಂಗಳೂರು–ಮೂಡುಬಿದಿರೆ ರಸ್ತೆಯ ಮೇಲಿರುವ ನಮ್ಮ ಜಂಕ್ಷನ್ನಿನಲ್ಲಿ ಬೆಳಿಗ್ಗೆ ಸಿಟಿ ಬಸ್ ಹತ್ತುವವರಲ್ಲಿ ನರ್ಸಿಂಗ್ ಕಲಿಯುವವರೂ, ಕಲಿತು ಕೆಲಸಕ್ಕೆ ಹೋಗುವವರೂ ಇರುತ್ತಾರೆ. ಹತ್ತು ಹನ್ನೆರಡು ಕಿಲೋಮೀಟರಿನೊಳಗೆ ಅವರಿಗೆ ಎಷ್ಟು ಆಸ್ಪತ್ರೆಗಳು ಬೇಕು? 1848ರಲ್ಲಿ ಆರಂಭವಾದ ವೆನ್‌ಲಾಕ್ ಜಿಲ್ಲಾಸ್ಪತ್ರೆ ಹಂಪನಕಟ್ಟೆಯಲ್ಲಿದೆ. ಫಾದರ್ ಮುಲ್ಲರ್ 1880ರಲ್ಲಿ ಔಷಧಾಲಯ ತೆರೆದ ಕಂಕನಾಡಿಯಲ್ಲಿ ಇಂದು ಅವರ ಹೆಸರಿನ ವೈದ್ಯಕೀಯ ಕಾಲೇಜಿದೆ. ಇವಲ್ಲದೆ ಖಾಸಗಿ ವೈದ್ಯಕೀಯ ಕಾಲೇಜುಗಳ ಸಾಲೇ ಇದೆ. ಬೀದಿಯಲ್ಲಿ ಅಲೆಯುವ ಮನೋರೋಗಿಗಳನ್ನು ಕರೆತಂದು ಆರೈಕೆ ಮಾಡಿ ಮನೆ ಹುಡುಕಿಕೊಡುವ ಕೊರಿನ್ ರಸ್ಕಿನ್ಹಾ ಅವರ ವೈಟ್ ಡೌಸ್ ಸಂಸ್ಥೆ ಮಂಗಳೂರಿನಲ್ಲಿದೆ. ಗಡಿ ದಾಟಿದರೆ ಮಂಜೇಶ್ವರದಲ್ಲಿ ಜೋಸೆಫ್ ಕ್ರಾಸ್ತಾ ಅವರ ಸ್ನೇಹಾಲಯ. ನರ್ಸುಗಳನ್ನು ಬೆಳೆಸಿ ದೇಶ ವಿದೇಶಕ್ಕೆ ಕಳಿಸುವ ಊರು ಇದು. ಮನೋರೋಗ ವಾರ್ಡಿನ ಪೋಸ್ಟಿಂಗ್ ಮುಗಿಸದೆ ಯಾವ ನರ್ಸಿಂಗ್ ವಿದ್ಯಾರ್ಥಿಗೂ ಇಲ್ಲಿ ಸರ್ಟಿಫಿಕೇಟ್ ಸಿಗುವುದಿಲ್ಲ. ಆದರೂ ನರ್ಸಿನ ಕಾನೂನು ಹೊಣೆ ಏನು ಎಂದರೆ ನಮ್ಮಲ್ಲಿ ಬಹುತೇಕರಿಗೆ ಹೊಳೆಯುವುದು ಒಂದೇ: ತಪ್ಪು ಇಂಜೆಕ್ಷನ್ ಕೊಟ್ಟರೆ ಕೇಸು.

ಇಂಜೆಕ್ಷನ್ನಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಕಟ್ಟುವ ಕೆಲಸವನ್ನೇ ಹತ್ತಿರದಿಂದ ನೋಡೋಣ. ಸರಿಯಾಗಿ ಕಲಿತವರು ಸೀರೆಯಂಚು, ಹಗ್ಗ ಹುಡುಕುವುದಿಲ್ಲ. ಮಣಿಕಟ್ಟಿಗೆ ಮೊದಲು ದಪ್ಪ ಹತ್ತಿಯ ಪ್ಯಾಡ್, ಅದರ ಮೇಲೆ ಬಟ್ಟೆಯ ಪಟ್ಟಿ, ಪಟ್ಟಿಗೂ ಚರ್ಮಕ್ಕೂ ನಡುವೆ ಎರಡು ಬೆರಳು ತೂರುವಷ್ಟು ಸಡಿಲ. ಗಂಟು ಬೀಳಬೇಕಾದದ್ದು ಮಂಚದ ಚೌಕಟ್ಟಿಗೆ. ಮೇಲೆ ಕೆಳಗೆ ಸರಿಯುವ ಅಡ್ಡಕಂಬಿಗೆ ಕಟ್ಟಿದರೆ ಯಾರಾದರೂ ಕಂಬಿ ಇಳಿಸಿದಾಗ ತೋಳು ಎಳೆದು ಹೋಗುತ್ತದೆ. ಗಂಟು ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು, ಬೆಂಕಿ ಬಿದ್ದರೆ ಬಿಚ್ಚಲು ಹೊತ್ತಿರುವುದಿಲ್ಲ. ಕವುಚಿ ಮಲಗಿಸಿ ಕಟ್ಟಬಾರದು, ಉಸಿರು ಕಟ್ಟುತ್ತದೆ. ಆಮೇಲಿನದ್ದೇ ದೊಡ್ಡ ಕೆಲಸ. ಬೆರಳ ತುದಿ ತಣ್ಣಗಾಗಿದೆಯೇ, ಉಗುರು ನೀಲಿಯೇರಿದೆಯೇ, ನೀರು ಬೇಕೇ, ಮೂತ್ರಕ್ಕೆ ಹೋಗಬೇಕೇ ಎಂದು ಮತ್ತೆ ಮತ್ತೆ ನೋಡುತ್ತಿರಬೇಕು. ಕೈಕಾಲನ್ನು ಒಂದೊಂದಾಗಿ ಬಿಡಿಸಿ ಆಡಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಇನ್ನು ಬಿಚ್ಚಬಹುದೇ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕು. ಕಟ್ಟಿದ ರೋಗಿಗೆ ಕಟ್ಟದ ರೋಗಿಗಿಂತ ಹೆಚ್ಚು ಆರೈಕೆ ಬೇಕು. ಹಾಗಾಗಿ ಜನ ಸಾಲದು ಎಂದು ಕಟ್ಟುವುದು ಕಾನೂನಿಗೆ ವಿರುದ್ಧವಾಗುವ ಮೊದಲು ಲೆಕ್ಕಕ್ಕೇ ವಿರುದ್ಧ.

ಬರೆಯುವುದೂ ಅಷ್ಟೇ. ‘ರೋಗಿ ಉಗ್ರನಾಗಿದ್ದ, ಕಟ್ಟಲಾಯಿತು’ ಎಂಬ ಸಾಲನ್ನು ಯಾವ ವಕೀಲನಾದರೂ ಎರಡು ಪ್ರಶ್ನೆಯಲ್ಲಿ ಹರಿದು ಹಾಕುತ್ತಾನೆ. ‘1.50ಕ್ಕೆ ಕಿಟಕಿಯ ಗಾಜಿಗೆ ಎರಡು ಸಲ ಹಣೆ ಬಡಿದರು. ಹೆಸರು ಹಿಡಿದು ಕರೆದು ಮಾತಾಡಿಸಿದೆ, ದೀಪ ಹಾಕಿದೆ, ಕೂರಲು ಹೇಳಿದೆ, ನಿಲ್ಲಲಿಲ್ಲ. 1.55ಕ್ಕೆ ಮನೋವೈದ್ಯರಿಗೆ ಫೋನ್. 2.00ಕ್ಕೆ ಆದೇಶದಂತೆ ಎರಡು ಕೈ ಕಟ್ಟಿದೆವು. 2.15ಕ್ಕೆ ಬೆರಳು ಬೆಚ್ಚಗಿವೆ, ನೀರು ಕುಡಿದರು. 2.50ಕ್ಕೆ ಬಿಚ್ಚಿದೆವು.’ ಇಂಥ ನೋಟು ರೋಗಿಯನ್ನೂ ಕಾಯುತ್ತದೆ, ಸಿಸ್ಟರನ್ನೂ ಕಾಯುತ್ತದೆ. ಬರೆಯದ್ದು ನಡೆದಿಲ್ಲ ಎಂಬುದು ಆಸ್ಪತ್ರೆಗಳಲ್ಲಿ ಹಳೆಯ ಮಾತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇದು: ಮೊದಲು ಏನೇನು ಪ್ರಯತ್ನ ಮಾಡಿದೆ ಎಂದು ಬರೆಯಬೇಕಾಗುತ್ತದೆ ಎಂಬ ಅರಿವೇ ಆ ಪ್ರಯತ್ನಗಳನ್ನು ಮಾಡಿಸುತ್ತದೆ.

ಕಾನೂನು ಇಷ್ಟು ಬಿಗಿಯಾದದ್ದು ಸುಮ್ಮನೆ ಅಲ್ಲ. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ದರ್ಗಾದ ಬಳಿಯ ಖಾಸಗಿ ‘ಮಾನಸಿಕ ಗೃಹ’ಕ್ಕೆ ಬೆಂಕಿ ಬಿತ್ತು. ಒಳಗಿದ್ದವರು ಸರಪಳಿಯಲ್ಲಿದ್ದರು. ಓಡಲಾಗದೆ ಸತ್ತವರು 28 ಮಂದಿ. 1912ರ ಲೂನಸಿ ಕಾಯ್ದೆ ಹೋಗಿ 1987ರ ಮಾನಸಿಕ ಆರೋಗ್ಯ ಕಾಯ್ದೆ ಬಂದಿದ್ದರೂ ಆ ಸರಪಳಿಗಳು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 2018ರ ಮೇ 29ರಿಂದ ಜಾರಿಯಲ್ಲಿರುವ ಈಗಿನ ಕಾಯ್ದೆಯ 95ನೇ ಸೆಕ್ಷನ್ ಸರಪಳಿಯನ್ನು ಯಾವ ರೂಪದಲ್ಲೂ ಬಳಸುವಂತಿಲ್ಲ ಎಂದು ನೇರವಾಗಿ ಹೇಳುತ್ತದೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಮದ್ದು ಕೊಡದೆ ಕರೆಂಟ್ ಚಿಕಿತ್ಸೆ ಮಾಡುವುದನ್ನೂ, ಮನೋರೋಗಕ್ಕೆ ಚಿಕಿತ್ಸೆಯೆಂದು ಸಂತಾನಶಕ್ತಿ ಹರಣ ಮಾಡುವುದನ್ನೂ ಅದೇ ಸೆಕ್ಷನ್ ನಿಷೇಧಿಸಿದೆ.

20ನೇ ಸೆಕ್ಷನ್ ಇನ್ನೂ ಸಣ್ಣ ಸಣ್ಣ ವಿಷಯಗಳಿಗೆ ಇಳಿಯುತ್ತದೆ, ಮತ್ತು ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ಮನುಷ್ಯನ ವಾಸನೆ ಇರುವುದು ಅಲ್ಲಿಯೇ. ರೋಗಿಯ ತಲೆಯನ್ನು ಬಲವಂತವಾಗಿ ಬೋಳಿಸಬಾರದು. ಅವಳಿಗೆ ತನ್ನದೇ ಬಟ್ಟೆ ಬೇಕೆಂದರೆ ಸಮವಸ್ತ್ರ ತೊಡಿಸಬಾರದು. ಬಲವಂತವಾಗಿ ಕೆಲಸ ಮಾಡಿಸಬಾರದು, ಮಾಡಿದರೆ ತಕ್ಕ ಕೂಲಿ ಕೊಡಬೇಕು. ಹೆಂಗಸರಿಗೆ ಮುಟ್ಟಿನ ದಿನಗಳಿಗೆ ಪ್ಯಾಡ್ ಕೊಡಬೇಕು. ಓದಿದರೆ ಇದನ್ನೂ ಕಾನೂನು ಹೇಳಬೇಕೇ ಅನ್ನಿಸುತ್ತದೆ. ಹೇನಿನ ವಿಷಯ ತೆಗೆದುಕೊಳ್ಳಿ. ಬೀದಿಯಿಂದ ಬಂದ ಹೆಂಗಸಿನ ತಲೆಯಲ್ಲಿ ಜಡೆಗಟ್ಟಿದ ಕೂದಲು, ತುಂಬ ಹೇನು. ಕ್ಷೌರದ ಮೆಷಿನ್ ಹಿಡಿದರೆ ಹತ್ತು ನಿಮಿಷದ ಕೆಲಸ. ಲೋಷನ್ ಹಚ್ಚಿ, ಎಣ್ಣೆ ಹಾಕಿ, ಸಣ್ಣ ಬಾಚಣಿಗೆಯಲ್ಲಿ ಎಳೆ ಎಳೆಯಾಗಿ ಬಾಚಿ, ವಾರ ಬಿಟ್ಟು ಮತ್ತೆ ಹಚ್ಚುವುದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಯಾವುದನ್ನು ಮಾಡಬೇಕೆಂದು ಕಾಯ್ದೆ ಹೇಳಿಯಾಗಿದೆ. ಆ ಗಂಟೆಗಳು ಎಲ್ಲಿಂದ ಬರಬೇಕು ಎಂದು ಹೇಳಿಲ್ಲ. ರೋಗಿಗಳಿಂದ ನೆಲ ಒರೆಸಿಸಿ ಅದಕ್ಕೆ ‘ಆಕ್ಯುಪೇಷನಲ್ ಥೆರಪಿ’ ಎಂದು ಹೆಸರಿಡುವ ಚಾಳಿ ಎಲ್ಲಾದರೂ ಉಳಿದಿದ್ದರೆ ಅದಕ್ಕೂ ಈ ಸೆಕ್ಷನ್ನಿನಲ್ಲಿ ಉತ್ತರವಿದೆ.

ಈಗ ಮದ್ದಿನ ವಿಷಯ. ನಮ್ಮ ಕಡೆ ಮನೋರೋಗ ವಾರ್ಡಿನ ಸಿಸ್ಟರ್ ಕೇಳದೆ ಇರಲಾರದ ಮಾತು ಒಂದಿದೆ: “ಸಿಸ್ಟರ್, ಚಾದಲ್ಲಿ ಹಾಕಿ ಕೊಡಿ, ಅವನಿಗೆ ಗೊತ್ತಾಗುವುದು ಬೇಡ ಆಯ್ತಾ?” ಹೇಳುವವಳು ತಾಯಿ. ಮನೆಯಲ್ಲಿ ಅವಳು ಅದನ್ನೇ ಮಾಡಿಕೊಂಡು ಬಂದವಳು. ದೋಸೆಯ ಚಟ್ನಿಯಲ್ಲಿ, ಮೀನು ಸಾರಿನಲ್ಲಿ ಮಾತ್ರೆ ಪುಡಿ ಬೆರೆಸಿ ಮಗನನ್ನು ಇಷ್ಟು ವರ್ಷ ಕೆಲಸಕ್ಕೆ ಕಳಿಸಿದವಳು. ಅವಳ ಪ್ರೀತಿಯನ್ನು ಅನುಮಾನಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ತಾಯಿ ಮಾಡಬಹುದಾದದ್ದನ್ನು ಲೈಸೆನ್ಸ್ ಇರುವ ನರ್ಸ್ ಮಾಡುವಂತಿಲ್ಲ. ಸ್ವತಃ ಬಂದು ದಾಖಲಾದ ರೋಗಿಗೆ ಅವನ ತಿಳಿವಳಿಕೆಯ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಕೊಡುವಂತಿಲ್ಲ. ಪ್ರತಿನಿಧಿಯ ಅರ್ಜಿಯ ಮೇಲೆ 89ನೇ ಸೆಕ್ಷನ್ನಿನಂತೆ ದಾಖಲಾದವನಿಗೂ ಮುಂಗಡ ನಿರ್ದೇಶನ (ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮೊದಲೇ ಬರೆದಿಟ್ಟದ್ದು) ಇದ್ದರೆ ಅದನ್ನು ಗಮನಿಸಬೇಕು, ನಿರ್ಧಾರಕ್ಕೆ ಬೇಕಾದ ಬೆಂಬಲ ಕೊಡಬೇಕು, ಬೆಂಬಲ ಕಡಿಮೆ ಸಾಕಾದಂತೆ ಅವನ ಮಾತಿನ ತೂಕ ಹೆಚ್ಚಬೇಕು. ಕದ್ದು ಕೊಟ್ಟ ಮಾತ್ರೆಗೆ ಈ ಯಾವ ಮೆಟ್ಟಿಲೂ ಇಲ್ಲ. ಇನ್ನೊಂದು ತೊಂದರೆ ಇದೆ. ಒಂದು ದಿನ ಚಾದ ಕಹಿ ಗೊತ್ತಾಗುತ್ತದೆ. ಅನ್ನದಲ್ಲಿ ವಿಷ ಹಾಕುತ್ತಿದ್ದಾರೆ ಎಂಬ ಸಂಶಯವೇ ಕಾಯಿಲೆಯಾಗಿರುವವನಿಗೆ ಆ ದಿನದ ಬಳಿಕ ಯಾರು ಏನು ಹೇಳಿ ನಂಬಿಸುವುದು?

ಕುಡಿತದ ಮದ್ದಿನಲ್ಲಂತೂ ಇದು ಜೀವದ ಪ್ರಶ್ನೆ. ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂಬ ಜಾಹೀರಾತನ್ನು ಬಸ್ಸಿನ ಹಿಂದೆ, ಗೋಡೆಯ ಮೇಲೆ ಓದದವರು ಯಾರಿದ್ದಾರೆ? ಡೈಸಲ್ಫಿರಾಮ್ ಎಂಬ ಮಾತ್ರೆ ಹೊಟ್ಟೆಯಲ್ಲಿರುವಾಗ ಮದ್ಯ ಸೇರಿದರೆ ಅದು ಅರ್ಧ ಕರಗಿ ಅಸಿಟಾಲ್ಡಿಹೈಡ್ ಆಗಿ ರಕ್ತದಲ್ಲೇ ಉಳಿಯುತ್ತದೆ. ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದವನು ಸಾಯಲೂಬಹುದು. ಆ ಮಾತ್ರೆ ಕೆಲಸ ಮಾಡುವುದೇ ‘ಕುಡಿದರೆ ಹೀಗಾಗುತ್ತದೆ’ ಎಂದು ತಿಳಿದವನ ಹೆದರಿಕೆಯಿಂದ. ತಿಳಿಯದವನಿಗೆ ಕೊಟ್ಟರೆ ಅದು ಬರೀ ವಿಷ. ಕುಡಿತ, ಮಾದಕ ದ್ರವ್ಯದ ಚಟಗಳೂ 2017ರ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದರಿಂದ ಇವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ವ್ಯಸನಮುಕ್ತಿ ಕೇಂದ್ರಗಳಿಗೂ ನೋಂದಣಿ ಬೇಕು. ನೋಂದಣಿ ಇಲ್ಲ ಎಂದು ಗೊತ್ತಿದ್ದೂ ಅಲ್ಲಿ ಮಾನಸಿಕ ಆರೋಗ್ಯ ವೃತ್ತಿಪರಳಾಗಿ ದುಡಿದರೆ 25 ಸಾವಿರ ರೂಪಾಯಿವರೆಗೆ ದಂಡ ಬೀಳುವುದು ಆ ಕೆಲಸಗಾರಳ ಮೇಲೆಯೇ. ಸಂಬಳದ ಮಾತು ಮುಗಿಸುವ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳುವುದು ಅತಿಯಲ್ಲ.

ಇನ್ನು ಗುಟ್ಟು. ದೊಡ್ಡ ನಗರದಲ್ಲಿ ರೋಗಿಯ ಗುಟ್ಟು ಕಾಯುವುದು ಸುಲಭ, ಅಲ್ಲಿ ಕೇಳುವವರಿಲ್ಲ. ವಾಮಂಜೂರು, ಕುಡುಪು, ಮೂಡುಶೆಡ್ಡೆಯಂಥ ಕಡೆ ವಾರ್ಡಿನ ಸಿಸ್ಟರೂ ರೋಗಿಯ ಚಿಕ್ಕಮ್ಮನೂ ಒಂದೇ ಬಸ್ಸಿನಲ್ಲಿ ಬರುತ್ತಾರೆ. “ನಮ್ಮ ಹುಡುಗಿಯನ್ನು ನಿಮ್ಮಲ್ಲಿಗೆ ತಂದಿದ್ದರಂತಲ್ಲ, ಏನಂತೆ?” ಮದುವೆಗೆ ನೋಡುತ್ತಿರುವ ಹುಡುಗಿ. ಒಂದು ‘ಹೂಂ’ ಸಾಕು, ಸಂಬಂಧ ಮುರಿಯಲು. 23ನೇ ಸೆಕ್ಷನ್ ಪ್ರಕಾರ ‘ಹೂಂ’ ಕೂಡ ಹೇಳುವಂತಿಲ್ಲ. ದಾಖಲಾಗಿದ್ದಾಳೆ ಎಂಬುದೇ ಗುಟ್ಟು. ಇದಕ್ಕೆ ವಿನಾಯಿತಿಗಳಿವೆ. ಪ್ರತಿನಿಧಿಗೆ ಹೇಳಬಹುದು, ಚಿಕಿತ್ಸೆಗೆ ಬೇಕಾದಷ್ಟನ್ನು ಜೊತೆಗಿನ ವೃತ್ತಿಪರರಿಗೆ ಹೇಳಬಹುದು, ಮಂಡಳಿ ಅಥವಾ ನ್ಯಾಯಾಲಯ ಕೇಳಿದರೆ ಹೇಳಬೇಕು, ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದರೆ ಅದನ್ನು ತಪ್ಪಿಸಲು ಬೇಕಾದಷ್ಟನ್ನು ಹೇಳಬಹುದು. ಈ ಕೊನೆಯದರ ಹಿಂದೆ 1976ರ ಅಮೆರಿಕದ ಟರಸಾಫ್ ತೀರ್ಪಿನ ನೆರಳಿದೆ: ರೋಗಿಯೊಬ್ಬ ಯುವತಿಯನ್ನು ಕೊಲ್ಲುವೆನೆಂದು ಚಿಕಿತ್ಸಕನ ಬಳಿ ಹೇಳಿದ್ದ, ಅವಳಿಗೆ ಎಚ್ಚರಿಕೆ ಹೋಗಲಿಲ್ಲ, ಅವಳು ಕೊಲೆಯಾದಳು. ಸಂಭಾವ್ಯ ಬಲಿಯನ್ನು ಕಾಪಾಡುವ ಹೊಣೆ ಚಿಕಿತ್ಸಕರಿಗೂ ಇದೆ ಎಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಹೇಳಿತು.

ಗುಟ್ಟು ಒಡೆಯಲೇಬೇಕಾದ ಸಂದರ್ಭವೂ ಒಂದಿದೆ. ಹದಿನಾರರ ಹುಡುಗಿ ಮೂರು ರಾತ್ರಿ ನಿದ್ದೆ ಮಾಡದೆ, ನಾಲ್ಕನೆಯ ರಾತ್ರಿ ಸಿಸ್ಟರ ಕೈ ಹಿಡಿದು ಮನೆಯೊಳಗಿನವನ ಹೆಸರು ಹೇಳಿ, “ಯಾರಿಗೂ ಹೇಳಬೇಡಿ ಅಕ್ಕ” ಎನ್ನುತ್ತಾಳೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ನಿನಂತೆ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ಹೇಳಲೇಬೇಕಾದವಳು ‘ಯಾರಿಗೂ ಹೇಳುವುದಿಲ್ಲ’ ಎಂದು ಮೊದಲೇ ಮಾತು ಕೊಟ್ಟುಬಿಟ್ಟರೆ ಹುಡುಗಿಯ ನಂಬಿಕೆ ಎರಡನೇ ಸಲ ಮುರಿಯುತ್ತದೆ. ಆದ್ದರಿಂದ ಅನುಭವಿಗಳು ಆ ಭರವಸೆಯನ್ನೇ ಕೊಡುವುದಿಲ್ಲ. ‘ನಿನ್ನನ್ನು ಕಾಪಾಡಲು ಬೇಕಾದವರಿಗೆ ಮಾತ್ರ ಹೇಳುತ್ತೇನೆ, ಯಾರಿಗೆ ಎಂದು ನಿನಗೆ ಮೊದಲೇ ತಿಳಿಸುತ್ತೇನೆ’ ಎನ್ನುತ್ತಾರೆ. ಪಠ್ಯಪುಸ್ತಕದ ನೀತಿಶಾಸ್ತ್ರ ಅಧ್ಯಾಯಕ್ಕಿಂತ ಈ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಿದರೆ ಲಾಭ ಹೆಚ್ಚು.

ಪತ್ರಿಕೆಯವರಾದ ನಾವೂ ಇಲ್ಲಿ ಸಾಚಾ ಅಲ್ಲ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ಮನೋರೋಗಿಯ ಫೋಟೊವನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಹಾಗಿದ್ದೂ ‘ಮಾನಸಿಕ ಅಸ್ವಸ್ಥೆ ಆಸ್ಪತ್ರೆಗೆ’ ಎಂಬ ತಲೆಬರಹದ ಕೆಳಗೆ ಮುಖ ಕಾಣುವ ಚಿತ್ರ ಅಚ್ಚಾಗುತ್ತದೆ. ಕೊಟ್ಟವರು ಯಾರು ಎಂದು ನಾವು ಕೇಳುವುದಿಲ್ಲ, ಅಚ್ಚು ಮಾಡಿದವರು ಯಾರು ಎಂದು ಆಸ್ಪತ್ರೆ ಕೇಳುವುದಿಲ್ಲ. ವಾರ್ಡಿನಲ್ಲಿ ಮಾಡಿದ ರೀಲ್ಸಿನ ಹಿನ್ನೆಲೆಯಲ್ಲಿ ಮಂಚದ ಮೇಲೆ ಕುಳಿತವರ ಮುಖ ಕಾಣುತ್ತಿದ್ದರೆ ಅದೂ ಇದೇ ಲೆಕ್ಕ.

2025ರ ಏಪ್ರಿಲ್ 27ರಂದು ನಮ್ಮ ಪಕ್ಕದ ಕುಡುಪುವಿನ ಮೈದಾನದಲ್ಲಿ ನಡೆದದ್ದನ್ನು ಇಲ್ಲಿ ಹೇಳದೆ ಬಿಟ್ಟರೆ ಈ ಅಂಕಣ ಅರ್ಧವಾಗುತ್ತದೆ. ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಕಡೆ ವಯನಾಡಿನಿಂದ ಬಂದಿದ್ದ ಒಬ್ಬನನ್ನು ಗುಂಪು ಹೊಡೆದು ಕೊಂದಿತು. ಅವನಿಗೆ ಮಾನಸಿಕ ಸಮಸ್ಯೆ ಇತ್ತೆಂದು ಮನೆಯವರು ಹೇಳಿದರು. ಹಲವರ ಬಂಧನವಾಯಿತು, ಪೊಲೀಸ್ ಸಿಬ್ಬಂದಿ ಅಮಾನತಾದರು. 100ನೇ ಸೆಕ್ಷನ್ ಏನು ಹೇಳುತ್ತದೆಂದರೆ, ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿ ಅಲೆಯುತ್ತಿರುವ ಮನೋರೋಗಿ ಎಂದು ಅನ್ನಿಸಿದವನನ್ನು ಠಾಣಾಧಿಕಾರಿ ರಕ್ಷಣೆಗೆ ತೆಗೆದುಕೊಂಡು, ಕಾರಣ ತಿಳಿಸಿ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು; ಲಾಕಪ್ಪಿನಲ್ಲಿ ಇಡುವಂತಿಲ್ಲ. ಹೀಗೆ ಬಂದವರಲ್ಲಿ ಎಷ್ಟೋ ಜನ ದಾರಿಯಲ್ಲಿ ಪೆಟ್ಟು ತಿಂದೇ ಬಂದಿರುತ್ತಾರೆ. ದಾಖಲಾತಿಯ ಹೊತ್ತಿನಲ್ಲಿ ಮೈಮೇಲಿನ ಪ್ರತಿ ಗಾಯ, ಬಾವು, ಹಳೆಯ ಕಲೆಗಳನ್ನು ಎಲ್ಲಿ, ಎಷ್ಟು ಉದ್ದ, ಯಾವ ಬಣ್ಣ ಎಂದು ಬರೆಯುವವಳು ನರ್ಸ್. ಎಷ್ಟೋ ಸಲ ಆ ಮನುಷ್ಯನ ಪರವಾಗಿ ಇರುವ ಏಕೈಕ ಸಾಕ್ಷಿ ಆ ಹಾಳೆ. ಅವನ ಮಾತನ್ನು ಯಾರೂ ನಂಬುವುದಿಲ್ಲವಲ್ಲ, ಮಂಡೆ ಸರಿ ಇಲ್ಲ ಅಂತ.

ಇಂಜೆಕ್ಷನ್ನಿಗೆ ಬರುತ್ತೇನೆ ಎಂದಿದ್ದೆ. 1998ರ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆ ಪ್ರಕರಣದಲ್ಲಿ ನರ್ಸ್ ಕೊಟ್ಟ ತಪ್ಪು ಇಂಜೆಕ್ಷನ್ನಿನಿಂದ ಮಗುವಿನ ಮಿದುಳಿಗೆ ಹಾನಿಯಾಗಿತ್ತು. ಪರಿಹಾರದ ಹೊಣೆಯನ್ನು ಸುಪ್ರೀಂ ಕೋರ್ಟ್ ಆಸ್ಪತ್ರೆಯ ಮೇಲೆ ಹೊರಿಸಿತು. ನರ್ಸಿನ ತಪ್ಪಿಗೆ ಮಾಲೀಕರು ಹೊಣೆ ಎಂಬುದು ದುಡ್ಡಿನ ಲೆಕ್ಕದಲ್ಲಿ ಹಳೆಯ ನ್ಯಾಯ. ಕ್ರಿಮಿನಲ್ ಕೇಸಿನಲ್ಲಿ ಮಾಲೀಕರು ಹೀಗೆ ಪಕ್ಕದಲ್ಲಿ ನಿಲ್ಲುವುದಿಲ್ಲ. 2024ರ ಜುಲೈ 1ರ ತನಕ ಇದ್ದ ದಂಡಸಂಹಿತೆಯ 304ಎ ಪ್ರಕಾರ ನಿರ್ಲಕ್ಷ್ಯದಿಂದ ಸಾವಾದರೆ ಯಾರಿಗೇ ಆಗಲಿ ಗರಿಷ್ಠ ಎರಡು ವರ್ಷ. ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅದನ್ನು ಐದು ವರ್ಷಕ್ಕೆ ಏರಿಸಿತು. ನೋಂದಾಯಿತ ವೈದ್ಯರು ವೈದ್ಯಕೀಯ ಪ್ರಕ್ರಿಯೆಯ ವೇಳೆ ಮಾಡಿದ ನಿರ್ಲಕ್ಷ್ಯಕ್ಕೆ ಮಾತ್ರ ಎರಡೇ ವರ್ಷ ಉಳಿಸಿತು. ನೋಂದಾಯಿತ ವೈದ್ಯರು ಎಂದರೆ ರಾಷ್ಟ್ರೀಯ ಅಥವಾ ರಾಜ್ಯ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿರುವವರು ಎಂದು ಅಲ್ಲಿಯೇ ವಿವರಿಸಿದೆ. ನರ್ಸಿನ ಹೆಸರು ಇರುವುದು ನರ್ಸಿಂಗ್ ಕೌನ್ಸಿಲಿನಲ್ಲಿ. ಒಂದೇ ವಾರ್ಡು, ಒಂದೇ ರಾತ್ರಿ, ಒಂದೇ ರೋಗಿ. ಬರೆದುಕೊಟ್ಟವರಿಗೆ ಎರಡು, ಕೊಟ್ಟವರಿಗೆ ಐದು. ಇದರ ಬಗ್ಗೆ ವೈದ್ಯರ ಸಂಘಟನೆಗಳು ಮಾತಾಡಿದಷ್ಟರ ಹತ್ತನೇ ಒಂದು ಪಾಲು ಸದ್ದೂ ನರ್ಸಿಂಗ್ ಕಡೆಯಿಂದ ನನ್ನ ಕಿವಿಗೆ ಬಿದ್ದಿಲ್ಲ.

ಮನೋರೋಗ ವಾರ್ಡಿನಲ್ಲಿ ನ್ಯಾಯ ಸಂಹಿತೆಯ ಈ ಸೆಕ್ಷನ್ ಹೆಚ್ಚು ಕಾಡುವುದು ಆತ್ಮಹತ್ಯೆಯ ವಿಷಯದಲ್ಲಿ. ಅಂಥ ಯೋಚನೆ ಇರುವವರನ್ನು ಎಷ್ಟು ಹೊತ್ತಿಗೊಮ್ಮೆ ನೋಡಬೇಕೆಂದು ವೈದ್ಯರು ಬರೆದಿರುತ್ತಾರೆ, ನೋಡುವುದು ನರ್ಸ್. ಬಚ್ಚಲಿಗೆ ಒಳಗಿನಿಂದ ಚಿಲಕ ಬೇಕೇ ಎಂಬ ಸಣ್ಣ ಪ್ರಶ್ನೆಯಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಎರಡು ಹಕ್ಕುಗಳು, ಅಂದರೆ ಖಾಸಗಿತನ ಮತ್ತು ಸುರಕ್ಷತೆ, ಮುಖಾಮುಖಿಯಾಗುತ್ತವೆ. ಬಾಗಿಲ ಹೊರಗೆ ನಿಂತು ಮಾತಾಡಿಸುತ್ತಾ ಇರುವುದು ಇದ್ದುದರಲ್ಲಿ ಒಳ್ಳೆಯ ಉತ್ತರ, ಆದರೆ ಅದಕ್ಕೂ ಒಬ್ಬಳು ಬೇಕು. ಜೀವ ಉಳಿದು ಬಂದವರ ಮೇಲೆ ಕೇಸು ಹಾಕುವ ಕಾಲ ಮುಗಿದಿದೆ. ಅದೇ ಕಾಯ್ದೆಯ 115ನೇ ಸೆಕ್ಷನ್ ಅವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು ಎನ್ನುತ್ತದೆ. ಹಾಗಾಗಿ “ಪೊಲೀಸಿಗೆ ಹೇಳಲಾ?” ಎಂದು ಹೆದರಿಸುವ ಹಳೆಯ ವಾರ್ಡಿನ ಮಾತಿಗೆ ಈಗ ಆಧಾರವೂ ಇಲ್ಲ. ಕಷ್ಟದಲ್ಲಿರುವವರಿಗೆ ಹಗಲಿರುಳೂ 14416 ಎಂಬ ಟೆಲಿ ಮಾನಸ್ ಸಂಖ್ಯೆ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಫೋನಿನಲ್ಲಿ ಬರುವ ಆದೇಶದ ಬಗ್ಗೆಯೂ ಒಂದು ಮಾತು. ‘ಹೆಚ್ಚು ಮಾಡಿದರೆ ಒಂದು ಇಂಜೆಕ್ಷನ್ ಕೊಡಿ’ ಎಂದು ಬರೆದಿಟ್ಟು ಹೋಗುವುದು ಸುಲಭ. ಹೆಚ್ಚು ಎಂದರೆ ಎಷ್ಟು? ಗಟ್ಟಿಯಾಗಿ ಹಾಡಿದರೆ ಹೆಚ್ಚೇ, ಮನೆಗೆ ಹೋಗಬೇಕೆಂದು ಅತ್ತರೆ ಹೆಚ್ಚೇ? ಅದನ್ನು ಅಳೆಯುವ ಅಧಿಕಾರವನ್ನು ಯಾರೂ ಬಾಯಿಬಿಟ್ಟು ಕೊಡದೆ ನರ್ಸಿನ ಕೈಗೆ ಜಾರಿಸಿರುತ್ತಾರೆ. ತನ್ನ ವೃತ್ತಿಯ ವ್ಯಾಪ್ತಿ ಮೀರಿದ ಮದ್ದನ್ನು ಯಾವ ವೃತ್ತಿಪರರೂ ಸೂಚಿಸುವಂತಿಲ್ಲ ಎಂದು 106ನೇ ಸೆಕ್ಷನ್ (ಇದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯದು, ಸಂಖ್ಯೆ ಒಂದೇ ಆದದ್ದು ಕಾಕತಾಳೀಯ) ಹೇಳುತ್ತದೆ. ಆದ್ದರಿಂದ ಮದ್ದಿನ ಹೆಸರು, ಪ್ರಮಾಣ, ಯಾವ ಲಕ್ಷಣಕ್ಕೆ, ದಿನಕ್ಕೆ ಹೆಚ್ಚೆಂದರೆ ಎಷ್ಟು ಸಲ ಎಂದು ಕೇಳಿ ಬರೆಸಿಕೊಳ್ಳುವ ಸಿಸ್ಟರ್ ಕಿರಿಕಿರಿಯವಳಲ್ಲ. ಫೋನಿನಲ್ಲಾದರೆ ಕೇಳಿದ್ದನ್ನು ತಿರುಗಿ ಓದಿ ಹೇಳಬೇಕು, ಇನ್ನೊಬ್ಬರು ಕೇಳಿಸಿಕೊಂಡಿರಬೇಕು, ಬೆಳಿಗ್ಗೆ ಸಹಿ ಹಾಕಿಸಿಕೊಳ್ಳಬೇಕು. ಹೊಸಬಳಿಗೆ ಹಿರಿಯ ವೈದ್ಯರ ಮುಂದೆ ಇದನ್ನು ಕೇಳುವ ಧೈರ್ಯ ಎಲ್ಲಿಂದ ಬರಬೇಕು ಎಂಬುದೇ ನಿಜವಾದ ಪ್ರಶ್ನೆ.

ಅದಕ್ಕೆ ಉತ್ತರದ ಒಂದು ತುಣುಕು ಕಾಯ್ದೆಯಲ್ಲೇ ಇದೆ, ಹೆಚ್ಚಿನವರು ಗಮನಿಸದೆ ಬಿಟ್ಟಿರುವಂಥದ್ದು. ಮನೋರೋಗ ನರ್ಸಿಂಗ್ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಬೆಂಗಳೂರಿನಲ್ಲಿ ಇಂದಿನ ನಿಮ್ಹಾನ್ಸ್ ಇರುವಲ್ಲಿ ಅದರ ಡಿಪ್ಲೊಮಾ ತರಬೇತಿ 1950ರ ದಶಕದಲ್ಲೇ ಶುರುವಾಗಿತ್ತು. ಆದರೂ ನರ್ಸ್ ಎಂದರೆ ಡಾಕ್ಟರು ಹೇಳಿದ್ದು ಮಾಡುವವಳು ಎಂಬ ಭಾವನೆ ಅಳಿದಿಲ್ಲ. 2017ರ ಕಾಯ್ದೆ ಮಾತ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ 55ನೇ ಸೆಕ್ಷನ್ನಿನಂತೆ ನೋಂದಾಯಿಸಿಕೊಂಡ ಮಾನಸಿಕ ಆರೋಗ್ಯ ನರ್ಸನ್ನು ಮನೋವೈದ್ಯರ ಜೊತೆ ‘ಮಾನಸಿಕ ಆರೋಗ್ಯ ವೃತ್ತಿಪರರು’ ಎಂಬ ಒಂದೇ ಸಾಲಿನಲ್ಲಿ ಕೂರಿಸುತ್ತದೆ. 89ನೇ ಸೆಕ್ಷನ್ನಿನಲ್ಲಿ ರೋಗಿಯನ್ನು ಅವನ ಇಚ್ಛೆ ಮೀರಿ 30 ದಿನಗಳವರೆಗೆ ಇರಿಸಿಕೊಳ್ಳಬೇಕಾದರೆ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿ ಒಪ್ಪಬೇಕು. ಒಬ್ಬರು ಮನೋವೈದ್ಯರು, ಇನ್ನೊಬ್ಬರು ವೈದ್ಯರು ಅಥವಾ ಮಾನಸಿಕ ಆರೋಗ್ಯ ವೃತ್ತಿಪರರು. ಅಂದರೆ ಆ ಎರಡನೆಯ ಸಹಿ ನರ್ಸಿನದಾಗಬಹುದು, ಮತ್ತು ಅವಳು ಒಪ್ಪದಿದ್ದರೆ ಆ ದಾಖಲಾತಿಗೆ ಬೇರೆ ಸಹಿ ಹುಡುಕಬೇಕು. ತಾನಾಗಿ ಬಂದ ರೋಗಿ ಹೊರಟು ನಿಂತಾಗ, ಅಪಾಯದ ಲಕ್ಷಣಗಳಿದ್ದರೆ 88ನೇ ಸೆಕ್ಷನ್ನಿನಂತೆ 24 ಗಂಟೆ ತಡೆಯಬಲ್ಲವರೂ ಮಾನಸಿಕ ಆರೋಗ್ಯ ವೃತ್ತಿಪರರೇ. ಬೇಡ ಎನ್ನುವ ಅಧಿಕಾರವನ್ನೂ ತಡೆಯುವ ಅಧಿಕಾರವನ್ನೂ ಕಾನೂನು ಕೊಟ್ಟಿದೆ. ಆಸ್ಪತ್ರೆಯ ಶ್ರೇಣಿ ವ್ಯವಸ್ಥೆ ಅದನ್ನು ಮೇಜಿನ ಮೇಲೆ ಇಡುವುದಿಲ್ಲ, ಅಷ್ಟೇ.

ವಾಮಂಜೂರಿನಿಂದ ಯಾರನ್ನಾದರೂ ದಾಖಲಿಸಲು ಹೋಗುವ ಮನೆಯವರಿಗೂ ಎರಡು ಮಾತು. ನಾಮನಿರ್ದೇಶಿತ ಪ್ರತಿನಿಧಿಯನ್ನು ರೋಗಿಯೇ ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿ ನೇಮಿಸಬಹುದು. ಅದು ಗಂಡನೇ ಆಗಬೇಕೆಂದಿಲ್ಲ, ಅಣ್ಣನೇ ಆಗಬೇಕೆಂದಿಲ್ಲ. ವಿವರಗಳನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕೆಂದು 22ನೇ ಸೆಕ್ಷನ್ ಹೇಳುತ್ತದೆ, ಹಾಗಾಗಿ ಇಂಗ್ಲಿಷ್ ಫಾರಂ ಮುಂದಿಟ್ಟರೆ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಹೇಳಿ ಎಂದು ಕೇಳಿ. ಕಟ್ಟಿದ್ದು ಕಂಡರೆ ಆದೇಶ ಯಾರದ್ದು, ಎಷ್ಟು ಗಂಟೆಗೆ ಎಂದು ಕೇಳಿ. ಸಿಸ್ಟರ ಮೇಲೆ ಕೂಗಾಡಬೇಡಿ, ಆ ವಾರ್ಡಿಗೆ ರಾತ್ರಿ ಎಷ್ಟು ಮಂದಿಯನ್ನು ಹಾಕಿದ್ದಾರೆ ಎಂದು ಮೇಲಿನವರನ್ನು ಕೇಳಿ. ಉತ್ತರ ಸಿಗದಿದ್ದರೆ ಪುನರ್ವಿಮರ್ಶಾ ಮಂಡಳಿಗೆ ದೂರು ಕೊಡಬಹುದು, ಅದಕ್ಕೆ ವಕೀಲರು ಬೇಕಾದರೆ 27ನೇ ಸೆಕ್ಷನ್ನಿನಂತೆ ಉಚಿತ ಕಾನೂನು ನೆರವಿದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಬೇಕು.

ನರ್ಸಿಂಗ್ ಮುಗಿಸಿದ ನಮ್ಮೂರಿನ ಹುಡುಗ ಹುಡುಗಿಯರು ಮನೋರೋಗ ವಿಭಾಗಕ್ಕೆ ಸೇರುವುದಾದರೆ ನರ್ಸಿಂಗ್ ಕೌನ್ಸಿಲಿನ ನೋಂದಣಿ ಒಂದೇ ಸಾಕೆಂದು ಕೂರಬೇಡಿ. ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಎರಡನೆಯ ನೋಂದಣಿ ಇಲ್ಲದಿದ್ದರೆ ಮೇಲೆ ಹೇಳಿದ ಯಾವ ಅಧಿಕಾರವೂ ನಿಮ್ಮದಾಗುವುದಿಲ್ಲ. ಕಾಯ್ದೆಯನ್ನು ಮುರಿದವರಿಗೆ ಇರುವ 108ನೇ ಸೆಕ್ಷನ್ನಿನ ಶಿಕ್ಷೆ, ಅಂದರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರದವರೆಗೆ ದಂಡ ಅಥವಾ ಎರಡೂ, ನೋಂದಣಿ ಇದ್ದರೂ ಇಲ್ಲದಿದ್ದರೂ ನಿಮಗೆ ಅನ್ವಯಿಸುತ್ತದೆ.